ಕಳೆದ ಕಾಲದ ಮನೆ, ಪ್ರವೇಶ ಇಪ್ಪತ್ತು ಬಾತ್

ನಮ್ಮ ಓಣಿಯಲ್ಲಿ ಯಾರಿಗಾದರೂ ತಲೆ ಕೆಡಬೇಕಾದರೆ ಬ್ಯಾಂಕಾಕಿನಿಂದ ನೆಂಟರು ಬರಬೇಕು. ಪ್ರಯೂನಣ್ಣನ ಮನೆಗೆ ಅವನ ತಮ್ಮನ ಮಗಳು ಬಂದಳು. ಊಟ ಮಾಡಿದಳು, ಒಂದು ನಿದ್ದೆ ತೆಗೆದಳು, ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಒಂದು ಮಾತು ಬಿಟ್ಟು ಹೋದಳು. "ದೊಡ್ಡಪ್ಪ, ನಿಮ್ಮನೇಲಿ ಧೂಳು ತಿಂತಾ ಬಿದ್ದಿರೋ ಈ ಸಾಮಾನನ್ನ ನಮ್ಮ ಕಡೆ ಜನ ದುಡ್ಡು ಕೊಟ್ಟು ನೋಡ್ತಾರೆ ಗೊತ್ತಾ? ಹಳೇ ಲೋಟ, ಹಳೇ ಆಟದ ಸಾಮಾನು ನೋಡಿ ಕಣ್ಣೀರು ಹಾಕ್ತಾರೆ."

ಪ್ರಯೂನಣ್ಣ ಕೆಟ್ಟವನಲ್ಲ. ಕೆಟ್ಟವನಾಗೋದಕ್ಕೂ ಸ್ವಲ್ಪ ಚುರುಕು ಬೇಕು. ವಯಸ್ಸಿನಲ್ಲಿದ್ದಾಗ ಪೇಟೆಯ ಟಾಕೀಸಿನಲ್ಲಿ ಟಿಕೆಟ್ ಹರಿಯುವ ಕೆಲಸ ಮಾಡುತ್ತಿದ್ದ. ಟಾಕೀಸು ಮುಚ್ಚಿ ಅಲ್ಲಿ ಮೋಟರ್ ಸೈಕಲ್ ಅಂಗಡಿ ಬಂತು. ಅಕ್ಕಿ ಗೋದಾಮಿನಲ್ಲಿ ಕಾವಲು ಕೂತ. ಅದೂ ಹೋದ ಮೇಲೆ ಮನೆ ಮುಂದೆ ಕೂತು ಹೋಗಿಬರುವವರಿಗೆ ಹವಾಮಾನ ಹೇಳುತ್ತಿದ್ದ. ಮಳೆ ಬರುತ್ತೆ ಅಂದರೆ ಓಣಿಯವರೆಲ್ಲ ಬಟ್ಟೆ ಒಣಹಾಕುತ್ತಿದ್ದೆವು. ಇಂಥ ಮನುಷ್ಯನಿಗೆ ಮತ್ತೆ ಟಿಕೆಟ್ ಹರಿಯಬಹುದು ಎಂಬ ಯೋಚನೆ ಬಂದರೆ ಹಿಡಿಯೋರು ಯಾರು? ಹೆಂಡತಿ ಬುಪ್ಫಕ್ಕ ಇದ್ದಿದ್ದರೆ ಹಿಡಿಯುತ್ತಿದ್ದಳು. ಅವಳ ಅಕ್ಕನಿಗೆ ಮಂಡಿ ಆಪರೇಶನ್ ಆಗಿತ್ತು ಅಂತ ನಖೋನ್ ಸವಾನಿಗೆ ಹೋಗಿದ್ದಳು.

ನಾನು ಎದುರುಮನೆಯವಳು, ಯುಪಿನ್. ನೂಡಲ್ ಅಂಗಡಿ ನನ್ನದು. ನನ್ನ ಒಲೆಯ ಮುಂದೆ ನಿಂತರೆ ಅವರ ಮನೆಯ ಹಜಾರ ಪೂರ್ತಿ ಕಾಣುತ್ತದೆ. ಹಾಗಾಗಿ ಇದರಲ್ಲಿ ನಾನು ಕೇಳಿದ್ದು ಕಡಿಮೆ, ಕಂಡದ್ದು ಜಾಸ್ತಿ.

ಮೊದಲು ಟಿವಿ ಹೊರಗೆ ಬಂತು. ನಾಲ್ಕು ಕಾಲು, ಎರಡು ಸರಿಸುವ ಬಾಗಿಲು ಇರುವ ಮರದ ಪೆಟ್ಟಿಗೆ ಅದು. ಒಂದು ಕಾಲದಲ್ಲಿ ಇಡೀ ಓಣಿಗೆ ಅದೊಂದೇ. ಶನಿವಾರ ಬೆಳಿಗ್ಗೆ ಕಾರ್ಟೂನ್ ಶುರುವಾದರೆ ನನ್ನ ತಮ್ಮಂದಿರನ್ನು ಅಲ್ಲಿಂದ ಕಿವಿ ಹಿಡಿದು ಎಳೆದು ತರಬೇಕಾಗುತ್ತಿತ್ತು. ಈಗ ಅದರ ಗಾಜು ಹೋಗಿ, ಒಳಗೆ ಒಂದು ಸಲ ಕೋಳಿ ಮರಿ ಬೇರೆ ಮಾಡಿತ್ತು. ಪ್ರಯೂನಣ್ಣ ಪುಕ್ಕ ಗುಡಿಸಿ, ಒಂದು ಬಲ್ಬು ಹಾಕಿ, ಮುಂದೆ ನೀಲಿ ಕಾಗದ ಅಂಟಿಸಿ, ಹಿಂದೆ ಹಳೇ ರೇಡಿಯೊ ಅಡಗಿಸಿಟ್ಟ. ಸಂಜೆ ಹಚ್ಚಿದರೆ ನೀಲಿಯಾಗಿ ಹೊಳೆಯುತ್ತಾ ಗೊರಗೊರ ಅನ್ನುತ್ತಿತ್ತು.

ಆಮೇಲೆ ಹಾಲಿನ ಪುಡಿ ಡಬ್ಬ, ಸೀಮೆಎಣ್ಣೆ ದೀಪ, ಗಿಳಿಯ ಚಿತ್ರದ ಥರ್ಮಾಸು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವನು ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆದ.

"ಅಣ್ಣಾ," ಅಂದೆ ನಾನು, ರಸ್ತೆಯ ಈ ಕಡೆಯಿಂದಲೇ. "ಅದು ಅಕ್ಕನ ಪೆಟ್ಟಿಗೆ."

"ಮುಚ್ಚಿಟ್ಟು ತುಕ್ಕು ಹಿಡಿಸೋ ಬದಲು ನಾಲ್ಕು ಜನ ನೋಡ್ಲಿ ಬಿಡು, ಯುಪಿನ್. ಅವಳು ಬರೋ ಹೊತ್ತಿಗೆ ವಾಪಸ್ ಇಟ್ಟರಾಯ್ತು."

ಪೆಟ್ಟಿಗೆಯಿಂದ ಕೀಲಿ ಕೊಟ್ಟರೆ ಕುಪ್ಪಳಿಸುವ ಕಪ್ಪೆ ಬಂತು. ಒಂದು ಹಿಡಿ ರಬ್ಬರ್ ಬ್ಯಾಂಡು ಬಂತು, ಕೈಗೆ ತಗೊಂಡರೆ ಪುಡಿಯಾಯಿತು. ಒಂದು ಪುಟ್ಟ ಬಿಳಿ ಅಂಗಿ, ಶಾಲೆಯದು. ಅದನ್ನು ಟಿವಿಯ ಪಕ್ಕ ಮೊಳೆಗೆ ನೇತುಹಾಕಿದ. ಕೊನೆಗೆ ಒಂದು ತಗಡಿನ ದೋಣಿ, ಅಂಗೈಯಗಲ, ಕೆಂಪು ಬಣ್ಣ, ಮಗ್ಗುಲಲ್ಲಿ ಮೂವತ್ತೇಳು ಅಂತ ಅಚ್ಚು. ಒಳಗೆ ಎಣ್ಣೆಬತ್ತಿ ಹಚ್ಚಿದರೆ ಪೊಕ್ ಪೊಕ್ ಅನ್ನುತ್ತಾ ನೀರಲ್ಲಿ ಓಡುವ ದೋಣಿ. ಅಂಥದ್ದು ಆಗ ಎಲ್ಲ ಮನೆಯಲ್ಲೂ ಇತ್ತು.

ಬೋರ್ಡು ಬರೆದ. "ಕಳೆದ ಕಾಲದ ಮನೆ. ಬನ್ನಿ, ನೆನಪು ಮಾಡಿಕೊಳ್ಳಿ. ಪ್ರವೇಶ ಇಪ್ಪತ್ತು ಬಾತ್." ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಟಿಕೆಟ್ ಕಟ್ಟು ಹಿಡಿದು ಕೂತ. ಮೊದಲ ವಾರ ಒಂದು ನಾಯಿ ಬಂದು ಹೋಯಿತು. ಅದಕ್ಕೂ ಟಿಕೆಟ್ ಹರಿಯಬೇಕು ಅಂತ ಕೈ ಎತ್ತಿದ್ದನ್ನು ನಾನು ಕಂಡೆ.

ಬೇರೆ ಕೆಲಸವಿಲ್ಲದೆ ದೋಣಿ ಹಿಡಿದು ಕೂತ. ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ ಅದರಲ್ಲಿ ಬಿಟ್ಟ. ಮೊದಲ ಸಂಜೆ ಅದು ಓಡಲಿಲ್ಲ. ಮರುದಿನ ಏನೋ ಮಾಡಿದ, ಓಡಿತು.

ಇಲ್ಲಿಗೆ ಚಿಮ್ ದೊಡ್ಡಮ್ಮ ಬರುತ್ತಾಳೆ. ಕುತ್ತಿಗೆಗೆ ಹಲಗೆ ನೇತುಹಾಕಿಕೊಂಡು ಲಾಟರಿ ಮಾರುವ ಮುದುಕಿ. ಮರದ ಗಂಟಿನಲ್ಲಿ ಸಂಖ್ಯೆ ಓದುತ್ತಾಳೆ, ಹಲ್ಲಿ ಬಿದ್ದ ಜಾಗದಲ್ಲಿ ಸಂಖ್ಯೆ ಓದುತ್ತಾಳೆ. ರಸ್ತೆಯಲ್ಲಿ ಕಾರು ಗುದ್ದಿದರೆ ಮೊದಲು ನಂಬರ್ ಪ್ಲೇಟು ನೋಡಿ ಆಮೇಲೆ ಗಾಯವಾದವನನ್ನು ನೋಡುತ್ತಾಳೆ. ಅವಳು ಅವತ್ತು ಸಂಜೆ ಪ್ರಯೂನಣ್ಣನ ಬಾಗಿಲ ಮುಂದೆ ಹಾದುಹೋಗುವಾಗ ಒಳಗೆ ನೀಲಿ ಬೆಳಕು, ಪುಟ್ಟ ಅಂಗಿ ಗಾಳಿಗೆ ಅಲ್ಲಾಡುತ್ತಿದೆ, ಪೊಕ್ ಪೊಕ್ ಸದ್ದು, ಮಂಡಿಯೂರಿದ ಪ್ರಯೂನಣ್ಣ ನೆಲದ ಕಡೆ ಬಾಗಿ, "ಹಾಗೆ, ಹಾಗೆ, ಹೋಗು ಮರಿ. ಅಂಚಿಗೆ ಹೋಗ್ಬೇಡ, ಹುಷಾರು" ಅನ್ನುತ್ತಿದ್ದಾನೆ.

ದೊಡ್ಡಮ್ಮ ನನ್ನ ಅಂಗಡಿಗೆ ಬಂದು ಕುಸಿದಳು. "ಒಂದು ಲೋಟ ನೀರು ಕೊಡೇ. ಪ್ರಯೂನ್ ಹುಡುಗನ್ನ ಕರೆಸ್ಕೊಂಡಿದ್ದಾನೆ."

"ಯಾವ ಹುಡುಗನ್ನ?"

"ಇನ್ಯಾವ ಹುಡುಗ? ಕುಂಗ್."

ಪ್ರಯೂನಣ್ಣ-ಬುಪ್ಫಕ್ಕರ ಸತ್ತುಹೋದ ಮಗ. ಮೂವತ್ತು ವರ್ಷದಿಂದ ಆ ಹೆಸರನ್ನು ನಮ್ಮ ಓಣಿಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕುಂಗ್ ಅಂದರೆ ಸೀಗಡಿ, ಅವನು ಹುಟ್ಟಿದಾಗ ಅಷ್ಟು ಚಿಕ್ಕದಾಗಿದ್ದ. ಬುಪ್ಫಕ್ಕ ಅಂಗಡಿಯಲ್ಲಿ ನಿಂತಿದ್ದರೆ ಜನ ಸೀಗಡಿ ನೂಡಲ್ ಬೇಕಾದರೂ ಬೆರಳು ಮಾಡಿ ತೋರಿಸುತ್ತಿದ್ದರು.

ಮಾರನೇ ದಿನ ದೊಡ್ಡಮ್ಮ ಪರೀಕ್ಷೆ ಮಾಡೋಕೆ ಹೋದಳು. ನಾನೂ ಹಿಂದೆ ಹೋದೆ. ಹೋಗದೇ ಇರೋಕೆ ನಾನೇನು ಸನ್ಯಾಸಿನಿಯಾ?

"ಪ್ರಯೂನ್, ಸಂಜೆ ಹೊತ್ತು ನಾವೂ ಬರಬಹುದೇನಪ್ಪ?"

"ಬನ್ನಿ ದೊಡ್ಡಮ್ಮ. ಅದಕ್ಕೇ ತಾನೇ ಇಟ್ಟಿರೋದು."

"ನಮ್ಮಂಥವರ ಕಣ್ಣಿಗೂ ಕಾಣುತ್ತಾ?"

"ಕಾಣದೇ ಏನು? ಬೆಳಕು ಕಡಿಮೆಯಾದಷ್ಟೂ ಚೆನ್ನಾಗಿ ಕಾಣುತ್ತೆ."

"ಮಾತಾಡುತ್ತಾ?"

ಪ್ರಯೂನಣ್ಣ ಟಿವಿಯೊಳಗಿನ ರೇಡಿಯೊ ಕಡೆ ನೋಡಿ ತಲೆ ಕೆರೆದುಕೊಂಡ. "ಬರೀ ಗೊರಗೊರ ಅನ್ನುತ್ತೆ. ತಲೆ ಮೇಲೆ ಒಂದು ಏಟು ಹಾಕಿದರೆ ನಾಲ್ಕು ಮಾತು ಬರುತ್ತೆ."

"ಅಯ್ಯೋ ಪಾಪಿ, ಹೊಡೀತೀಯಾ?"

"ಹೊಡೀದಿದ್ರೆ ಎಲ್ಲಿ ಬಾಯಿ ಬಿಡುತ್ತೆ ಅದು?"

ದೊಡ್ಡಮ್ಮ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡಳು. "ಕುಡಿಯೋಕೆ ಏನಿಡ್ತೀಯಾ?"

"ಇನ್ನೂ ಏನೂ ಇಟ್ಟಿಲ್ಲ. ಕೆಂಪು ಸೋಡಾ ಇಡೋಣ ಅಂತಿದೀನಿ. ಆಗ ಎಲ್ಲರೂ ಅದನ್ನೇ ತಾನೇ ಕುಡೀತಿದ್ದಿದ್ದು."

ಕೆಂಪು ಸೋಡಾ ಅಂದ ಮೇಲೆ ಇನ್ನೇನು ಅನುಮಾನ? ಲಾಟರಿ ನಂಬರ್ ಹೇಳಲಿ ಅಂತ ಮನೆಯಲ್ಲಿ ಕರೆಸಿಟ್ಟ ಸತ್ತ ಮಗುವಿನ ಆತ್ಮಕ್ಕೆ ನಮ್ಮ ಕಡೆ ಎಲ್ಲರೂ ಇಡುವುದು ಅದನ್ನೇ. ದೊಡ್ಡಮ್ಮ ಇಪ್ಪತ್ತು ಬಾತ್ ಕೊಟ್ಟು, ಒಳಗೆ ಹೋಗಿ, ಟಬ್ಬಿನ ಮುಂದೆ ಊದುಬತ್ತಿ ಹಚ್ಚಿ, ದೋಣಿಯ ಮಗ್ಗುಲು ನೋಡಿಕೊಂಡು ಬಂದಳು. ಊದುಬತ್ತಿ ಸೊಳ್ಳೆಗೆ ಅಂತ ಪ್ರಯೂನಣ್ಣ ತಿಳಿದುಕೊಂಡ.

ಆ ಹದಿನಾರನೇ ತಾರೀಕು ಲಾಟರಿಯ ಕೊನೆಯ ಎರಡಂಕಿ ಮೂವತ್ತೇಳು ಬಂತು.

ದೊಡ್ಡಮ್ಮನ ಮಾತು ಕೇಳಿ ಅದನ್ನೇ ಕೊಂಡಿದ್ದ ಓಣಿಯ ಅರ್ಧ ಜನ ಗೆದ್ದರು. ಉಳಿದರ್ಧ ಜನ ಮೊದಲೇ ಹೇಳಲಿಲ್ಲ ಅಂತ ಗೆದ್ದವರ ಜೊತೆ ಮಾತು ಬಿಟ್ಟರು. ಮರುದಿನ ಬೆಳಿಗ್ಗೆ ಪ್ರಯೂನಣ್ಣ ಬಾಗಿಲು ತೆಗೆದರೆ ಸರದಿ ಹೊಳೆದಂಡೆಯವರೆಗೆ ನಿಂತಿತ್ತು. ಕೈಯಲ್ಲಿ ಸೋಡಾ ಬಾಟಲಿ, ಸ್ಟ್ರಾ ಸಮೇತ. ಹೂಮಾಲೆ, ಹೊಸ ಗೊಂಬೆ, ಒಬ್ಬಳ ಕೈಯಲ್ಲಿ ಡಯಾಪರ್ ಕಟ್ಟು ಬೇರೆ. ಅವನು ಟಿಕೆಟ್ ಹರಿದೂ ಹರಿದೂ ಮಧ್ಯಾಹ್ನಕ್ಕೆ ನನ್ನ ಅಂಗಡಿಗೆ ಬಂದ. ಮುಖ ಮದುವೆ ಗಂಡಿನ ಹಾಗಿತ್ತು.

"ನೋಡಿದ್ಯಾ ಯುಪಿನ್? ಹಳೇ ಕಾಲ ಅಂದ್ರೆ ಜನಕ್ಕೆ ಎಷ್ಟು ಭಕ್ತಿ ಅಂತ."

ಹೇಳದೆ ಇರಲಾಗಲಿಲ್ಲ. "ಅಣ್ಣಾ, ಅವರು ನಿಮ್ಮ ಟಿವಿ ನೋಡೋಕೆ ಬಂದಿಲ್ಲ. ನಿಮ್ಮ ಮಗನ ಹತ್ರ ನಂಬರ್ ಕೇಳೋಕೆ ಬಂದಿದಾರೆ. ಅಕ್ಕ ಬರೋದ್ರೊಳಗೆ ಬಾಗಿಲು ಹಾಕಿ."

ಅವನು ಕೈಯಲ್ಲಿದ್ದ ಹರಿದ ಟಿಕೆಟ್ ಚೂರುಗಳನ್ನು ಜೇಬಿಗೆ ಹಾಕಿಕೊಂಡ. ಎದುರಿನ ಹಜಾರದಿಂದ ಯಾರೋ, "ಕುಂಗ್, ನಮ್ಮಪ್ಪಾ, ಬಾರೋ" ಅಂತ ರಾಗವಾಗಿ ಕರೆಯುತ್ತಿದ್ದರು.

"ಅವನ ಹೆಸರು ಹಿಡಿದು ಕರೀತಿದಾರೆ," ಅಂದ. "ಎಷ್ಟು ವರ್ಷ ಆಗಿತ್ತು, ಅಲ್ವಾ?"

ನಾನು ತಿರುಗಿ ನೂಡಲ್ ಬೇಯಿಸಿದೆ. ಅವನು ಬಾಗಿಲು ಹಾಕಲಿಲ್ಲ.

ಮೂರನೇ ದಿನಕ್ಕೆ ವಾರ್ಡಿನ ಮುಖಂಡ ಸಮ್ರಿತ್ ಬಂದ. ಚರಂಡಿ ಉಕ್ಕಿ ಹರಿದಾಗ ನಾಲ್ಕು ತಿಂಗಳು ಹುಡುಕಿದರೂ ಸಿಗದ ಮನುಷ್ಯ ಇವನು. ಈಗ ಕರೆಯದೇ ಬಂದು, ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಹಗ್ಗ ಕಟ್ಟಿಸಿ, ಗಾಡಿ ನಿಲ್ಲಿಸೋ ಜಾಗ ಗೊತ್ತು ಮಾಡಿಸಿ, "ಈ ಮಗು ನಮ್ಮ ವಾರ್ಡಿನ ಹೆಮ್ಮೆ" ಅಂತ ಭಾಷಣ ಮಾಡಿ, ಸರದಿಯಲ್ಲಿ ನಿಲ್ಲದೆ ಒಳಗೆ ಹೋಗಿ ನಂಬರ್ ಕೇಳಿದ. ಮಗು ಅವನಿಗೆ ಏನೂ ಹೇಳಲಿಲ್ಲ. ದೋಣಿಯ ಎಣ್ಣೆ ಮುಗಿದಿತ್ತು.

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಈಗ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ದೋಣಿ ಕುಂಗ್‌ನ ಕೈಗೆ ಬಂದ ದಿನವೇ ಅವನು ಹೋದ. ಬುಪ್ಫಕ್ಕ ಬಟ್ಟೆ ಒಗೆಯುತ್ತಿದ್ದಳು. ಹುಡುಗ ಅವಳ ಒಗೆಯುವ ಟಬ್ಬಿನಲ್ಲಿ ದೋಣಿ ಬಿಡುತ್ತಿದ್ದ, ಅದು ಓಡುತ್ತಿರಲಿಲ್ಲ. ಬತ್ತಿ ಹಚ್ಚು ಅಂದ, ಹಚ್ಚಿದಳು. ಓಡಲಿಲ್ಲ. ಮತ್ತೆ ಹಚ್ಚು ಅಂದ. ಅವಳಿಗೆ ಸಾಕಾಗಿ, "ಕೆಟ್ಟುಹೋಗಿದೆ ಅದು. ನನ್ನ ನೀರೆಲ್ಲ ಎಣ್ಣೆ ಮಾಡ್ಬೇಡ, ಹೊಳೇಲಿ ಬಿಡು ಹೋಗು" ಅಂದಳು. ಹೊಳೆಯ ಮೆಟ್ಟಿಲ ಮೇಲೆ ದೋಣಿ ಸಿಕ್ಕಿತು, ಒಣಗಿ ನೆಟ್ಟಗೆ ಕೂತಿತ್ತು. ಹುಡುಗ ಸಂಜೆಗೆ ಕೆಳಗಿನ ಸೇತುವೆ ಹತ್ತಿರ ಸಿಕ್ಕ. ಬುಪ್ಫಕ್ಕ ಇದನ್ನು ನನಗೆ ಒಂದೇ ಸಲ ಹೇಳಿದ್ದಳು, ಬೆಳ್ಳುಳ್ಳಿ ಬಿಡಿಸುತ್ತಾ, ತಲೆ ಎತ್ತದೆ. "ಅವರಿಗೆ ಗೊತ್ತಿಲ್ಲ. ಹೇಳ್ಬೇಡ" ಅಂದಿದ್ದಳು. ನಾನು ಊರಿನ ಎಲ್ಲ ಸುದ್ದಿಯನ್ನೂ ಎಲ್ಲರಿಗೂ ಹೇಳಿದ್ದೇನೆ, ಇದೊಂದನ್ನು ಬಿಟ್ಟು.

ಅವಳು ಬಂದದ್ದು ಮುಂದಿನ ಲಾಟರಿ ಎಳೆಯುವ ಹಿಂದಿನ ದಿನ. ಬಸ್ಸಿಳಿದು ಚೀಲ ಹಿಡಿದು ಓಣಿಗೆ ತಿರುಗಿದರೆ ಜನ. ಯಾರೋ ಸತ್ತಿದ್ದಾರೆ ಅಂತ ಅವಳ ಹೆಜ್ಜೆ ಜೋರಾಯಿತು. ಹಗ್ಗದ ಹತ್ತಿರ ಸಮ್ರಿತ್ ತಡೆದ. "ಅಮ್ಮಾ, ಸರದೀಲಿ ಬನ್ನಿ." ಪಕ್ಕದವನು ಅವನ ಪಕ್ಕೆಗೆ ತಿವಿದ. ಸಮ್ರಿತ್ ಹಗ್ಗ ಎತ್ತಿ ಹಿಡಿದ.

ಹಜಾರದಲ್ಲಿ ಚಿಮ್ ದೊಡ್ಡಮ್ಮ ಮಂಡಿಯೂರಿ, "ಕುಂಗ್, ಚಿನ್ನ, ಈ ಸಲ ಮೂರಂಕಿ ಹೇಳಪ್ಪ" ಅನ್ನುತ್ತಿದ್ದಳು. ಮೊಳೆಯಲ್ಲಿ ಅಂಗಿ. ಟಬ್ಬಿನಲ್ಲಿ ದೋಣಿ ಪೊಕ್ ಪೊಕ್ ಅಂತ ಸುತ್ತುತ್ತಿತ್ತು. ಬುಪ್ಫಕ್ಕನ ಕೈಯ ಚೀಲ ಕೆಳಗೆ ಬಿತ್ತು. ಅವಳು ಅಂಗಿ ನೋಡಲಿಲ್ಲ, ಜನರನ್ನು ನೋಡಲಿಲ್ಲ.

"ಅದು ಓಡ್ತಿದೆ," ಅಂದಳು.

ಪ್ರಯೂನಣ್ಣ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತಿದ್ದ. ಇದು ಬೈಗುಳವಲ್ಲ ಅಂತ ಗೊತ್ತಾದ ಕೂಡಲೇ ಮುಖ ಅರಳಿತು. "ನಾನೇ ಓಡಿಸಿದ್ದು. ಏನೂ ಕೆಟ್ಟಿರಲಿಲ್ಲ ಕಣೇ. ಹಿಂದೆ ಎರಡು ಕೊಳವೆ ಇದೆ ನೋಡು, ಮೊದಲು ಅದಕ್ಕೆ ನೀರು ತುಂಬಬೇಕು, ಆಮೇಲೆ ಬತ್ತಿ. ಅಷ್ಟೇ. ಎರಡು ನಿಮಿಷದ ಕೆಲಸ."

ಬುಪ್ಫಕ್ಕ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾನು ಓಡಿಹೋಗಿ ಹೆಗಲು ಹಿಡಿದುಕೊಂಡೆ. ಆ ಮನುಷ್ಯನ ಬಾಯಿಗೆ ನೂಡಲ್ ತುರುಕಬೇಕು ಅನ್ನಿಸಿತು.

ಅವಳು ನನ್ನ ಕೈ ಬಿಡಿಸಿಕೊಂಡು, "ಎಲ್ಲ ತೆಗೆದು ಪೆಟ್ಟಿಗೇಲಿಡಿ. ಇವರನ್ನೆಲ್ಲ ಕಳಿಸಿ" ಅಂದಳು.

ಹಜಾರದಲ್ಲಿ ಗುಸುಗುಸು ಎದ್ದಿತು. ನಾಳೆ ಲಾಟರಿ. ಸಮ್ರಿತ್ ಮುಂದೆ ಬಂದು ಕೈಮುಗಿದ. "ಅಮ್ಮಾ, ತಾಯಿ ಕರುಳು ನಮಗೂ ಅರ್ಥವಾಗುತ್ತೆ. ಆದರೆ ಹುಡುಗ ಈಗ ಬರೀ ನಿಮ್ಮವನಲ್ಲ. ಇಡೀ ವಾರ್ಡಿನವನು. ನಾಲ್ಕು ಮನೆಯವರು ಸಾಲ ಮಾಡಿ ಟಿಕೆಟ್‌ಗೆ ದುಡ್ಡು ಇಟ್ಕೊಂಡಿದಾರೆ. ಒಂದು ಸಂಖ್ಯೆ ಹೇಳಿಬಿಡಲಿ, ಆಮೇಲೆ ನಿಮ್ಮ ಇಷ್ಟ."

"ಹೌದಮ್ಮ, ನೀನು ಕೇಳಿದರೆ ಖಂಡಿತ ಹೇಳ್ತಾನೆ," ಅಂದಳು ದೊಡ್ಡಮ್ಮ. "ಹೆತ್ತವಳು ನೀನು."

ಬುಪ್ಫಕ್ಕ ಎಲ್ಲರನ್ನೂ ಒಂದು ಸುತ್ತು ನೋಡಿದಳು. "ಸರಿ. ಕೇಳ್ತೀನಿ. ಅದಕ್ಕೆ ಮುಂಚೆ ನೀವು ಒಬ್ಬೊಬ್ಬರೂ ಅವನ ಬಗ್ಗೆ ಒಂದೊಂದು ಮಾತು ಹೇಳಿ. ಬೋರ್ಡು ಹಾಕಿದೆಯಲ್ಲ, ನೆನಪು ಮಾಡ್ಕೊಳ್ಳಿ ಅಂತ."

ಮೂವತ್ತು ವರ್ಷ ಇದೇ ಓಣಿಯಲ್ಲಿ ಬಾಳಿದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಟ್ಟೆ ಅಂಗಡಿಯವನು ಗಂಟಲು ಸರಿಮಾಡಿಕೊಂಡ. "ನನಗೆ ಚೆನ್ನಾಗಿ ನೆನಪಿದೆ. ಈ ಟಿವಿ ಮುಂದೆ ನಾವೆಲ್ಲ ಕೂರ್ತಿದ್ವಿ. ಒಂದು ಸಲ ಬಾಕ್ಸಿಂಗ್ ಹಾಕಿದ್ರು, ಕರೆಂಟ್ ಹೋಯ್ತು. ಸೋಡಾ ಆಗ ಎರಡೇ ಬಾತ್."

"ಕುಂಗ್ ಬಗ್ಗೆ," ಅಂದಳು ಬುಪ್ಫಕ್ಕ.

"ಅವನೂ ಅಲ್ಲೇ ಇದ್ದಿರಬೇಕು."

ಸಮ್ರಿತ್, ಹುಡುಗ ಗಾಳಿಪಟದಲ್ಲಿ ಎತ್ತಿದ ಕೈ ಅಂದ. ಗಾಳಿಪಟ ಹಾರಿಸುತ್ತಿದ್ದವನು ನನ್ನ ಚಿಕ್ಕ ತಮ್ಮ. ಇನ್ನೊಬ್ಬಳು, ಎಷ್ಟು ಮುದ್ದಾಗಿ ಹಾಡುತ್ತಿದ್ದ ಅಂದಳು. ಅವನು ತೊದಲುತ್ತಿದ್ದ, ಹಾಡು ಎಲ್ಲಿಂದ ಬರಬೇಕು? ಹೀಗೆ ಎಲ್ಲರಿಗೂ ಡಬ್ಬದ ಬಣ್ಣ ನೆನಪಿತ್ತು, ಕಾರ್ಟೂನಿನ ರಾಕ್ಷಸ ನೆನಪಿದ್ದ, ಐಸ್ ಕಡ್ಡಿಯ ರುಚಿ ನೆನಪಿತ್ತು. ಹುಡುಗ ಮಾತ್ರ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಕೆಲವರು ಹಿಂದಿನ ಬಾಗಿಲಿಂದ ಜಾರಿಕೊಂಡರು.

ಕೊನೆಗೆ ಚಿಮ್ ದೊಡ್ಡಮ್ಮ ಬಾಯಿಬಿಟ್ಟಳು. "ನನ್ನ ಸೀಬೆಮರಕ್ಕೆ ಹತ್ತಿ ಕಾಯಿ ಕದ್ದಿದ್ದ. ನಾನು ಕೋಲು ತಗೊಂಡೆ. ಅರ್ಧ ಕಚ್ಚಿದ್ದನ್ನ ವಾಪಸ್ ಕೊಟ್ಟು, 'ಉಳಿದದ್ದು ನಾಳೆ ಕೊಡ್ತೀನಿ ಅಜ್ಜಿ' ಅಂದ. ಆಗ ನನಗಿನ್ನೂ ನಲವತ್ತು. ಅಜ್ಜಿ ಅಂದ, ಮುಂಡೇದು." ಹೇಳುತ್ತಾ ಹೇಳುತ್ತಾ ಲಾಟರಿ ಹಲಗೆಯ ಮೇಲೆ ತಲೆಯಿಟ್ಟು ಅತ್ತಳು.

ಬುಪ್ಫಕ್ಕ ಅವಳ ಬೆನ್ನು ಸವರಿದಳು. ಆಮೇಲೆ ಎದ್ದು ನಿಂತು, "ಸಂಖ್ಯೆ ಬರ್ಕೊಳ್ಳಿ" ಅಂದಳು. ಪೆನ್ನುಗಳು ಹೊರಬಂದವು. "ಏಳು. ಅವನಿಗೆ ಏಳೇ ವರ್ಷ. ಅದಕ್ಕಿಂತ ದೊಡ್ಡ ಸಂಖ್ಯೆ ಅವನ ಹತ್ರ ಇಲ್ಲ."

ಇಷ್ಟು ಕೇಳಿಯೂ ನಮ್ಮ ಜನ ಮಾಡಿದ್ದೇನು ಅಂದರೆ, ಸೊನ್ನೆ ಏಳೋ, ಎಪ್ಪತ್ತೋ, ಎಪ್ಪತ್ತೇಳೋ ಅಂತ ಜಗಳವಾಡುತ್ತಾ ಓಡಿಹೋಗಿ ಮೂರನ್ನೂ ಕೊಂಡರು. ಮಾರನೇ ದಿನ ಲಾಟರಿಯಲ್ಲಿ ಏಳು ಎಂಬ ಅಂಕಿ ಎಲ್ಲೂ ಬರಲಿಲ್ಲ. ಅರ್ಧ ಗಂಟೆಯಲ್ಲಿ ಕುರ್ಚಿ ಹೋಯಿತು, ಹಗ್ಗ ಹೋಯಿತು. ಹುಡುಗ ಮೊದಲಿಂದಲೂ ಸುಳ್ಳ ಅಂತ ಸಮ್ರಿತ್ ಸೇತುವೆ ಹತ್ತಿರ ಹೇಳುತ್ತಿದ್ದನಂತೆ. ಇಬ್ಬರು ಬಂದು ತಾವಿಟ್ಟಿದ್ದ ಸೋಡಾ ಬಾಟಲಿ ವಾಪಸ್ ಎತ್ತಿಕೊಂಡು ಹೋದದ್ದನ್ನು ನಾನೇ ಕಂಡೆ. ಚಿಮ್ ದೊಡ್ಡಮ್ಮ ಮಾತ್ರ ಎರಡು ಸೀಬೆಕಾಯಿ ತಂದು ಹೊಸ್ತಿಲ ಮೇಲಿಟ್ಟು, ಏನೂ ಕೇಳದೆ ಹೋದಳು.

ಸಂಜೆಯಾದರೂ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಎರಡು ಬಟ್ಟಲು ನೂಡಲ್ ತಗೊಂಡು ಹೋದೆ. ಪ್ರಯೂನಣ್ಣ ಬೋರ್ಡು ಇಳಿಸಿ, ಅಂಗಿ ಮಡಚಿ, ಕಪ್ಪೆಯನ್ನು ಪೆಟ್ಟಿಗೆಗೆ ಹಾಕುತ್ತಿದ್ದ. ದೋಣಿಗೆ ಕೈ ಹಾಕಿದಾಗ ಬುಪ್ಫಕ್ಕ, "ಅದನ್ನ ಬಿಡಿ. ಹೇಗೆ ಮಾಡಿದ್ರಿ ತೋರಿಸಿ" ಅಂದಳು.

ಅವನು ಟಬ್ಬಿನ ಮುಂದೆ ಕೂತ. ದೋಣಿಯನ್ನು ನೀರಲ್ಲಿ ಓರೆ ಹಿಡಿದು ಕೊಳವೆ ತುಂಬಿಸಿದ, ಬೆರಳಿನಿಂದ ಮುಚ್ಚಿದ, ಬತ್ತಿ ಒಳಗಿಟ್ಟ. ಪೊಕ್ ಪೊಕ್ ಶುರುವಾಯಿತು.

"ನಾನು ಕೆಟ್ಟುಹೋಗಿದೆ ಅಂದೆ," ಅಂದಳು ಅವಳು. "ಹೊಳೇಲಿ ಬಿಡು ಹೋಗು ಅಂದೆ. ನಾನೇ ಕಳಿಸಿದ್ದು."

ಪ್ರಯೂನಣ್ಣನಿಗೆ ಯಾವುದೂ ಬೇಗ ಹೊಳೆಯುವುದಿಲ್ಲ, ಇಡೀ ಓಣಿಗೆ ಗೊತ್ತು. ಇದು ಮಾತ್ರ ತಕ್ಷಣ ಹೊಳೆಯಿತು. ಅವನು ದೋಣಿಯಿಂದ ಕಣ್ಣು ತೆಗೆಯಲಿಲ್ಲ.

"ಟಾಕೀಸಲ್ಲಿ ಮಧ್ಯಾಹ್ನದ ಆಟಕ್ಕೆ ಹೋಗೋ ಮುಂಚೆ ದೋಣಿ ಅವನಿಗೆ ಕೊಟ್ಟಿದ್ದು ನಾನು," ಅಂದ. "ಹೇಗೆ ಓಡುತ್ತೆ ಅಪ್ಪ, ತೋರಿಸು ಅಂದ. ಕಾಲು ಹಿಡ್ಕೊಂಡು ಬಿಡಲಿಲ್ಲ. ಟಿಕೆಟ್ ಹರಿಯೋಕೆ ಹೊತ್ತಾಗುತ್ತೆ ಅಂತ ಬಿಡಿಸ್ಕೊಂಡು ಹೋದೆ. ಆಟ ಬಿಟ್ಟ ಮೇಲೆ ತೋರಿಸ್ತೀನಿ ಅಂದಿದ್ದೆ."

"ನನಗೆ ಹೇಳಲಿಲ್ಲ ನೀವು."

"ನೀನೂ ಹೇಳಲಿಲ್ಲ."

ನಾನು ಬಟ್ಟಲುಗಳನ್ನು ಅಲ್ಲೇ ಇಟ್ಟೆ. ದೋಣಿ ನಾಲ್ಕು ಸುತ್ತು ಹಾಕಿ, ಟಬ್ಬಿನ ಅಂಚಿಗೆ ತಾಗಿ, ನಿಂತಿತು.

"ಬತ್ತಿ ಮುಗೀತು," ಅಂದ ಪ್ರಯೂನಣ್ಣ.

ಬುಪ್ಫಕ್ಕ ಟಬ್ಬಿನ ಹತ್ತಿರ ಸರಿದು ಅವನ ಪಕ್ಕದಲ್ಲಿ ಕೂತಳು. "ಇನ್ನೊಂದು ಹಾಕಿ," ಅಂದಳು. "ಈ ಸಲ ನೀರು ನಾನು ತುಂಬ್ತೀನಿ."